ವಾಪಸ್ ಬಂದ ತಾರೀಖು

ದಾವಣಗೆರೆಯ ಮಂಡಿಪೇಟೆಯ ಹಿಂದೆ ನಮ್ಮ ಶಾಲೆ.
ಶನಿವಾರ ಮಧ್ಯಾಹ್ನ, ಲೈಬ್ರರಿಯನ್ ಹುದ್ದೆಗೆ ಸಂದರ್ಶನ.
ನಡುವಿನ ಕುರ್ಚಿ ಕಾರ್ಯದರ್ಶಿ ಮುರಿಗೆಪ್ಪನವರದು,
ಬಲಕ್ಕೆ ಹೆಡ್‌ಮಿಸ್ ವಿಮಲಾಕ್ಷಿ,
ಕೈ ಮುರಿದ ಮೂರನೆಯದು
ಕನ್ನಡ ಮೇಷ್ಟರಾದ ನನಗೆ.

ಬೆನ್ನ ಹಿಂದೆ ಎರಡು ಕಬ್ಬಿಣದ ಬೀರು.
'ಇಪ್ಪತ್ತೆರಡು ವರ್ಷ ಆಯ್ತು,
ಒಂದು ಪುಸ್ತಕ ಕಳೆದಿಲ್ಲ ಇಲ್ಲಿ'
ಬಂದವರಿಗೆಲ್ಲ ಹೇಳಿದರು ಮುರಿಗೆಪ್ಪನವರು.
ನಿಜವೇ.
ಕೀಲಿ ಜವಾನ ಕೆಂಚಪ್ಪನ ಉಡಿದಾರದಲ್ಲಿತ್ತು,
ಕೆಂಚಪ್ಪ ರಿಟೈರಾದ, ಉಡಿದಾರವೂ ಅವನ ಜೊತೆ ಹೋಯಿತು.

ಮೊದಲು ಹರಿಹರದ ಹಾಲಸ್ವಾಮಿ.
ಗರಿಗರಿ ಅಂಗಿ, ಪ್ಲಾಸ್ಟಿಕ್ ಫೈಲು,
ಹಣೆಯಲ್ಲಿ ವಿಭೂತಿ ಇನ್ನೂ ಹಸಿ.
ಜ್ಯಾಮಿತಿಗೆ ಐನೂರ ಹದಿನಾರು,
ಅಡುಗೆಗೆ ಆರುನೂರ ನಲವತ್ತೊಂದು,
ಕಣ್ಣು ಮುಚ್ಚಿ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ.
'ದೆವ್ವಕ್ಕೆ?' ಅಂದೆ.
'ನೂರ ಮೂವತ್ತಮೂರು, ಸರ್.'
ಅಲ್ಲಿಗೆ ಹುಡುಗ ನನಗೂ ಹಿಡಿಸಿದ.

ಆಮೇಲೆ ಚನ್ನಗಿರಿಯ ಅನಸೂಯ.
ಹೊರಗೆ ಬೆಂಚಿನ ಮೇಲೆ ಅವಳ ತಾಯಿ, ತೊಡೆಯಲ್ಲಿ ಕೂಸು.
ಕೂಸು ಅತ್ತಾಗಲೆಲ್ಲ ಉತ್ತರ ಅರ್ಧಕ್ಕೇ ನಿಲ್ಲುತ್ತಿತ್ತು.
'ನಿಶ್ಶಬ್ದ ಹೇಗೆ ಕಾಪಾಡ್ತೀರಿ?' ಕೇಳಿದರು ಹೆಡ್‌ಮಿಸ್.
ಅವಳು ನಕ್ಕುಬಿಟ್ಟಳು. ನಾವೂ ನಕ್ಕೆವು.
ನಗುವಿಗೆ ಅಂಕದ ಹಾಳೆಯಲ್ಲಿ ಕಾಲಂ ಇರಲಿಲ್ಲ.

ನನ್ನದು ಎಲ್ಲರಿಗೂ ಒಂದೇ ಪ್ರಶ್ನೆ:
ನೀವು ವಾಪಸ್ ಕೊಡದೇ ಹೋದ ಪುಸ್ತಕ ಯಾವುದು?
'ಅಂಥದ್ದಿಲ್ಲ ಸರ್' ಎದೆ ಮುಟ್ಟಿಕೊಂಡ ಹಾಲಸ್ವಾಮಿ.
'ನಾಲ್ಕಿದ್ದವು' ಅಂದಳು ಅನಸೂಯ,
'ಗಂಡನ ಮನೇಲಿ ತಕ್ಕಡಿ ಹತ್ತಿದವು.'

ಕೊನೆಗೆ ಭಟ್ಟಿ ಓಣಿಯ ಮುಬೀನಾ.
ಅವಳಿಗಿಂತ ಒಂದು ಹೆಜ್ಜೆ ಮುಂಚೆ
ಭತ್ತದ ಹೊಟ್ಟಿನ ಹೊಗೆ ಒಳಗೆ ಬಂತು.

'ಇದೇ ಸ್ಕೂಲು ಸರ್. ಆರನೇ ಕ್ಲಾಸು, ಬಿ ಸೆಕ್ಷನ್.
ಇದೇ ಬೀರು.
ರಟ್ಟಿನ ಮೇಲೆ ಒಂಟೆ ಚಿತ್ರ, ಒಳಗೆ ಮರಳುಗಾಡಿನ ದಾರಿ.
ಅಬ್ಬಾಗೆ ಓದು ಬರ್ತಿರಲಿಲ್ಲ, ರದ್ದಿ ಅಂದುಕೊಂಡ್ರು.
ಹಾಳೆ ಕಿತ್ತು ಕಿತ್ತು ಮಂಡಕ್ಕಿ ಪೊಟ್ಟಣ ಕಟ್ಟಿದ್ರು.
ನಾನು ಮನೆಗೆ ಬರೋ ಹೊತ್ತಿಗೆ
ನಲವತ್ತನೇ ಪುಟದವರೆಗೆ
ದಾವಣಗೆರೆ ತಿಂದು ಮುಗಿಸಿತ್ತು.'

'ಉಳಿದದ್ದು?'

'ಗೋಣಿ ಹೊಲಿಯೋ ದಬ್ಬಣದಲ್ಲಿ
ರಾತ್ರಿ ಕೂತು ಅವರೇ ಹೊಲಿದುಕೊಟ್ರು.
ತಲೆ ಇಲ್ಲದ ಪುಸ್ತಕ ಹೇಗೆ ತರೋದು ಸರ್, ತರಲಿಲ್ಲ.
ನಲವತ್ತೊಂದನೇ ಪುಟದಲ್ಲಿ ಒಂಟೆ ಆಗಲೇ ಕುಂಟ್ತಾ ಇತ್ತು.
ಯಾಕೆ ಅಂತ
ಇವತ್ತಿಗೂ ಗೊತ್ತಿಲ್ಲ.'

ಬಾಗಿಲು ಮುಚ್ಚಿದ ಮೇಲೆ ಮುರಿಗೆಪ್ಪನವರು ಅಂದರು:
'ಬೆಕ್ಕನ್ನ ಹಾಲಿಗೆ ಕಾವಲಿಟ್ಟಂಗಾಗ್ತದಲ್ರೀ ಮೇಷ್ಟ್ರೇ.'
ಅವರು ನಾಲ್ಕು ಹಾಕಿದರು, ನಾನು ಹದಿನೆಂಟು.
ಹೆಡ್‌ಮಿಸ್ ಬರೆದು, ಅಳಿಸಿ, ಮತ್ತೆ ಬರೆದು, ಹನ್ನೊಂದು.
ಕೂಡಿದಾಗ ಹಾಲಸ್ವಾಮಿ.
ತಪ್ಪೇನಿಲ್ಲ. ದೆವ್ವದ ನಂಬರು ತಿಳಿದವನು.

ಅವರು ಚಹಾಕ್ಕೆ ಹೋದರು. ನಾನು ರಿಜಿಸ್ಟರಿನ ದೂಳು ಕೊಡವಿದೆ.
ಕ್ರಮಸಂಖ್ಯೆ ಆರುನೂರ ಹದಿನಾಲ್ಕು. ಮುಬೀನಾ, ಆರನೇ ಬಿ.
ಪಕ್ಕದಲ್ಲಿ ಆಡಿಟರನ ಕೆಂಪು ಶಾಯಿ:
ನಷ್ಟ, ಹನ್ನೆರಡು ರೂಪಾಯಿ.
ಅದರ ಕೆಳಗೆ ಅಂದಿನ ಹೆಡ್‌ಮಾಸ್ಟರರ ಗುಂಡು ಅಕ್ಷರ:
ಇನ್ನು ಮುಂದೆ ಬೀರು ತೆರೆಯತಕ್ಕದ್ದಲ್ಲ.
ಅದಾದ ಮೇಲೆ
ಗೆರೆ, ಗೆರೆ, ಬರೀ ಗೆರೆ.

'ವಾಪಸ್ ಬಂದ ತಾರೀಖು' ಕಾಲಂ ಖಾಲಿ ಇತ್ತು.
ಆ ಶನಿವಾರದ ತಾರೀಖು ಬರೆದೆ,
ಪೆನ್ಸಿಲಿನಲ್ಲಿ.
ಶಾಯಿಗಾದರೆ ಮುರಿಗೆಪ್ಪನವರ ಸಹಿ ಬೇಕು.

ಸೋಮವಾರ ಹಾಲಸ್ವಾಮಿಯೇ ಕಲ್ಲು ತಂದು ಬೀಗ ಒಡೆದ.
ಕಳೆಯದ ಪುಸ್ತಕಗಳ ಒಳಗೆ ಗೆದ್ದಲು
ಇಪ್ಪತ್ತೆರಡು ವರ್ಷದಿಂದ ಓದುತ್ತಾ ಕೂತಿತ್ತು.
ಅವನು ಮುಖ ಸಿಂಡರಿಸಲಿಲ್ಲ.
ತೋಳು ಮಡಚಿ, ಒಂದೊಂದೇ ಕೊಡವಿ,
ಅಂಗಳದ ಬಿಸಿಲಿಗೆ ಹರವುತ್ತಾ ಹೋದ,
ಯಾರ ಮನೆಯದೋ ಸಂಡಿಗೆ ಇಟ್ಟ ಹಾಗೆ.

ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದೆ,
'ಒಂಟೆಗೆ ಎಷ್ಟಪ್ಪಾ?'
ಕಣ್ಣು ಮುಚ್ಚಿದ. 'ಐನೂರ ತೊಂಬತ್ತೊಂಬತ್ತು, ಸರ್.'
'ಕುಂಟೋ ಒಂಟೆಗೆ?'

ಕಣ್ಣು ತೆರೆದ.